ಒಂದೇ ಸಕ್ಕರೆ, ಮೂರು ಕೀಲು

ಕಟಾವಾದ ಕಬ್ಬು ತೂಕದ ಕಟ್ಟೆ ಮುಟ್ಟುವ ಮೊದಲೇ ಅದರೊಳಗೆ ಬೇರೊಂದು ಕೆಲಸ ಶುರುವಾಗಿರುತ್ತದೆ. ಹಂಗಾಮಿನ ದಿನಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಹೊತ್ತು ಹೋದಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ ಎಂಬುದು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ತೂಕದ ಜೊತೆಗೆ ಇನ್ನೊಂದು ನಷ್ಟವೂ ಆಗುತ್ತಿರುತ್ತದೆ. ಕುಡಗೋಲು ತಾಗಿದ ತುದಿಯಲ್ಲಿ ರಸ ಜಿನುಗುತ್ತದೆ. ಮಣ್ಣಿನಲ್ಲೂ ಎಲೆಗಳ ಮೇಲೂ ಇರುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೀಡುಬಿಡುತ್ತದೆ. ಸಕ್ಕರೆಯ ಒಂದು ಅಣುವಿನಲ್ಲಿ ಎರಡು ಭಾಗಗಳಿವೆ, ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಈ ಬ್ಯಾಕ್ಟೀರಿಯಾದ ಕಿಣ್ವ ಅವೆರಡನ್ನು ಬಿಡಿಸಿ, ಫ್ರಕ್ಟೋಸನ್ನು ಆಚೆ ಬಿಟ್ಟು, ಗ್ಲೂಕೋಸನ್ನು ಒಂದರ ಹಿಂದೊಂದು ಪೋಣಿಸುತ್ತ ಹೋಗುತ್ತದೆ. ಸಾವಿರ, ಹತ್ತು ಸಾವಿರ, ಅದಕ್ಕೂ ಹೆಚ್ಚು. ಹೀಗೆ ಹುಟ್ಟಿದ ಉದ್ದನೆಯ ಸರಪಳಿಯ ಹೆಸರು ಡೆಕ್ಸ್‌ಟ್ರಾನ್.

ಕಾರ್ಖಾನೆಯವರಿಗೆ ಇದು ಬೇಡದ ಅತಿಥಿ. ರಸದಲ್ಲಿ ಇದರ ಪಾಲು ತೀರಾ ಕಡಿಮೆ ಇದ್ದರೂ ರಸ ಲೋಳೆಯಾಗುತ್ತದೆ, ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತದೆ, ಪಾಕ ಬೇಗ ಹದಕ್ಕೆ ಬರುವುದಿಲ್ಲ, ಹರಳುಗಳು ಸರಿಯಾದ ಆಕಾರ ಬಿಟ್ಟು ಸೂಜಿಯಂತೆ ಉದ್ದಕ್ಕೆ ಬೆಳೆಯುತ್ತವೆ. ಸಕ್ಕರೆಯ ಪ್ರಮಾಣವನ್ನು ಬೆಳಕಿನ ತಿರುವಿನಿಂದ ಅಳೆಯುವ ಉಪಕರಣವೂ ಮೋಸಹೋಗುತ್ತದೆ. ಒಂದೇ ತೂಕದ ಸಕ್ಕರೆಗಿಂತ ಡೆಕ್ಸ್‌ಟ್ರಾನ್ ಬೆಳಕನ್ನು ಸುಮಾರು ಮೂರು ಪಟ್ಟು ಹೆಚ್ಚು ತಿರುಗಿಸುವುದರಿಂದ, ಇಲ್ಲದ ಸಕ್ಕರೆ ಇದ್ದಂತೆ ಲೆಕ್ಕಕ್ಕೆ ಬರುತ್ತದೆ.

ಇಲ್ಲಿಂದ ರಬಕವಿ-ಬನಹಟ್ಟಿಗೆ ಬನ್ನಿ. ಓಣಿ ಓಣಿಯಲ್ಲಿ ಮಗ್ಗದ ಸದ್ದು. ಮಗ್ಗದ ಮೇಲಿನ ಹತ್ತಿ ನೂಲು ಎಂದರೆ ಸೆಲ್ಯುಲೋಸ್. ಅದೂ ಗ್ಲೂಕೋಸಿನ ಸರಪಳಿಯೇ. ಹತ್ತಿಯಲ್ಲಿ ಒಂದೊಂದು ಸರಪಳಿಗೂ ಹತ್ತು ಸಾವಿರದ ಆಸುಪಾಸು ಕೊಂಡಿಗಳಿರುತ್ತವೆ. ಮಗ್ಗಕ್ಕೆ ಏರುವ ಮೊದಲು ಹಾಸಿನ ಎಳೆಗಳಿಗೆ ಗಂಜಿ ಹಾಕುತ್ತಾರೆ. ಗಂಜಿ ಕುಡಿದ ಎಳೆಯ ಮೈಮೇಲಿನ ನವಿರು ಅಡಗುತ್ತದೆ, ಹಣಿಗೆಗೆ ಉಜ್ಜಿದರೂ ಎಳೆ ಬೇಗ ಹರಿಯುವುದಿಲ್ಲ. ಗಂಜಿ ಎಂದರೆ ಪಿಷ್ಟ. ಪಿಷ್ಟವೂ ಗ್ಲೂಕೋಸಿನ ಸರಪಳಿ.

ಹಾಗಾದರೆ ಕಬ್ಬಿನ ತುದಿಯ ಲೋಳೆ, ಮಗ್ಗದ ನೂಲು, ನೂಲಿನ ಮೇಲಿನ ಗಂಜಿ, ಈ ಮೂರರ ಕೊಂಡಿಯೂ ಒಂದೇ. ಒಂದು ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ, ಒಂದು ಕುದಿಸಿದರೆ ಅಂಟಾಗುತ್ತದೆ, ಒಂದು ವರ್ಷಗಟ್ಟಲೆ ಒಗೆದರೂ ಕರಗದೆ ಸೀರೆಯಾಗಿ ಉಳಿಯುತ್ತದೆ. ವ್ಯತ್ಯಾಸವಿರುವುದು ಕೊಂಡಿಗೂ ಕೊಂಡಿಗೂ ನಡುವಿನ ಕೀಲಿನಲ್ಲಿ. ಸೆಲ್ಯುಲೋಸಿನಲ್ಲಿ ಒಂದು ಗ್ಲೂಕೋಸಿನ ಮೊದಲನೇ ಇಂಗಾಲ ಮುಂದಿನದರ ನಾಲ್ಕನೇ ಇಂಗಾಲಕ್ಕೆ ಬೀಟಾ ಎಂಬ ಭಂಗಿಯಲ್ಲಿ ಸೇರುತ್ತದೆ. ಪ್ರತಿ ಕೊಂಡಿ ಹಿಂದಿನದಕ್ಕೆ ಬೆನ್ನು ತಿರುಗಿಸಿ ನಿಲ್ಲುವುದರಿಂದ ಸರಪಳಿ ನೆಟ್ಟಗಾಗುತ್ತದೆ. ಪಿಷ್ಟದಲ್ಲಿ ಅದೇ ಒಂದು ಮತ್ತು ನಾಲ್ಕು ಆಲ್ಫಾ ಭಂಗಿಯಲ್ಲಿ ಸೇರುತ್ತವೆ. ಸರಪಳಿ ಸುರುಳಿಗೆ ಒಲಿಯುತ್ತದೆ. ಡೆಕ್ಸ್‌ಟ್ರಾನಿನಲ್ಲಿ ಒಂದಕ್ಕೆ ಆರು ಸೇರುತ್ತದೆ. ಆರನೆಯ ಇಂಗಾಲ ಉಂಗುರದಿಂದ ಹೊರಗೆ ಚಾಚಿಕೊಂಡಿರುವುದರಿಂದ ತಿರುಗಲು ಇನ್ನೊಂದು ತಿರುಗಣಿ ಸಿಕ್ಕಂತಾಗಿ, ಮೂರರಲ್ಲಿ ಅತಿ ಸಡಿಲವಾದ ಸರಪಳಿ ಇದೇ ಆಗುತ್ತದೆ.

ರಸಾಯನಶಾಸ್ತ್ರದ ಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನನಗೆ ಕುತೂಹಲವಿರುವುದು ಇದರಾಚೆಗಿನ ಪ್ರಶ್ನೆಯಲ್ಲಿ. ಒಂದು ಕೊಂಡಿಯ ಉದ್ದ ಅರ್ಧ ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಚಿಕ್ಕ ಜಾಗದಲ್ಲಿರುವ ಕೀಲು ಹೇಗೆ ತಿರುಗುತ್ತದೆ ಎಂಬ ನಿಯಮ ಸಾವಿರಾರು ಕೊಂಡಿಗಳುದ್ದಕ್ಕೂ ಹಬ್ಬಿ, ಕೊನೆಗೆ ಕಡಾಯಿಯಲ್ಲಿ ಪಾಕ ನಿಧಾನವಾಗುವುದನ್ನೂ ಮಗ್ಗದಲ್ಲಿ ಎಳೆ ತಡೆದುಕೊಳ್ಳುವುದನ್ನೂ ತೀರ್ಮಾನಿಸುತ್ತದಲ್ಲ, ಅದು ಹೇಗೆ? ಕೈಯಿಂದ ಲೆಕ್ಕ ಹಾಕಿ ಇದನ್ನು ನೋಡಲಾಗದು. ಮೂವತ್ತು ನಲವತ್ತು ಸಾಲಿನ ಪ್ರೋಗ್ರಾಮಿನಿಂದ ನೋಡಬಹುದು. ಪದವಿ ತರಗತಿಯ ಯಾವ ವಿದ್ಯಾರ್ಥಿಯಾದರೂ ತನ್ನ ಮೊಬೈಲಿನಲ್ಲೇ ಅದನ್ನು ಬರೆಯಬಹುದು ಎಂಬುದು ಈ ಅಧ್ಯಾಯ ಬರೆಯಲು ನನಗಿರುವ ಮುಖ್ಯ ಕಾರಣ.

ಇಂಥ ಉದ್ದನೆಯ ಅಣುಗಳು ಇವೆ ಎಂಬುದನ್ನೇ ನೂರು ವರ್ಷಗಳ ಹಿಂದೆ ಬಹಳ ಮಂದಿ ಒಪ್ಪುತ್ತಿರಲಿಲ್ಲ. ರಬ್ಬರ್, ಪಿಷ್ಟ, ಸೆಲ್ಯುಲೋಸ್ ಎಲ್ಲವೂ ಚಿಕ್ಕ ಅಣುಗಳ ಗುಂಪು ಎಂದು ನಂಬಿದ್ದ ಕಾಲ. 1920ರಲ್ಲಿ ಜರ್ಮನಿಯ ಹರ್ಮನ್ ಸ್ಟಾಡಿಂಗರ್, ಇವು ಗಟ್ಟಿ ರಾಸಾಯನಿಕ ಬಂಧದಿಂದ ಪೋಣಿಸಿದ ಉದ್ದನೆಯ ಸರಪಳಿಗಳು ಎಂದು ವಾದಿಸಿದರು. ಟೀಕೆಗಳನ್ನೆಲ್ಲ ಎದುರಿಸಿ ನಿಂತ ಅವರಿಗೆ 1953ರಲ್ಲಿ ನೊಬೆಲ್ ಬಂತು. ಆದರೆ ಅವರ ಕಲ್ಪನೆಯ ಸರಪಳಿ ನೆಟ್ಟನೆಯ ಕಡ್ಡಿಯಾಗಿತ್ತು. ಅದು ಕಡ್ಡಿಯಲ್ಲ, ಪ್ರತಿ ಕೀಲಿನಲ್ಲೂ ಮನಸ್ಸಿಗೆ ಬಂದತ್ತ ತಿರುಗುವ, ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಗೋಜಲು ಎಂದು 1934ರಲ್ಲಿ ಲೆಕ್ಕ ಮಾಡಿ ತೋರಿಸಿದವರು ವರ್ನರ್ ಕೂನ್. ಸರಪಳಿಯ ಆಕಾರವನ್ನು ಕೇಳುವುದೇ ತಪ್ಪು, ಕೋಟ್ಯಂತರ ಆಕಾರಗಳ ಸರಾಸರಿಯನ್ನು ಕೇಳಬೇಕು ಎಂಬ ತಿಳಿವಳಿಕೆ ಅಲ್ಲಿಂದ ಬಂತು. ಸರಾಸರಿ ತೆಗೆಯುವುದು ಕಂಪ್ಯೂಟರಿಗೆ ಒಗ್ಗುವ ಕೆಲಸ.

ಅಂಗಳದ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಅಡ್ಡ ಉದ್ದ ಸಮ ಅಂತರದಲ್ಲಿ ಇಟ್ಟ ಚುಕ್ಕಿಗಳು. ಒಂದು ಚುಕ್ಕಿಯಿಂದ ಹೊರಟು ಪಕ್ಕದ ಚುಕ್ಕಿಗೆ ಗೆರೆ ಎಳೆದರೆ ಅದು ಸರಪಳಿಯ ಒಂದು ಕೊಂಡಿ. ಅಲ್ಲಿಂದ ಇನ್ನೊಂದು ಗೆರೆ, ಇನ್ನೊಂದು ಕೊಂಡಿ. ನಾಲ್ಕು ದಿಕ್ಕಿನಲ್ಲಿ ಯಾವ ಕಡೆ ಹೋಗಬೇಕೆಂದು ಪ್ರತಿ ಸಲ ಚೀಟಿ ಎತ್ತಿ ನಿರ್ಧರಿಸಿ. ನೂರು ಕೊಂಡಿ ಎಳೆದ ಮೇಲೆ ಹೊರಟ ಚುಕ್ಕಿಗೂ ಮುಟ್ಟಿದ ಚುಕ್ಕಿಗೂ ಎಷ್ಟು ದೂರ?

ಇದು ಯಾದೃಚ್ಛಿಕ ನಡಿಗೆ, ಅಂದರೆ ಕುರುಡು ನಡಿಗೆ. 1905ರಲ್ಲಿ ಕಾರ್ಲ್ ಪಿಯರ್ಸನ್ ಇಂಥದೇ ಪ್ರಶ್ನೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಕೇಳಿದ್ದರು. ಲಾರ್ಡ್ ರೇಲಿ ಉತ್ತರಿಸಿದ್ದರು. ದೂರದ ವರ್ಗವನ್ನು ಬಿಡಿಸಿ ಬರೆದರೆ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ಸಂಬಂಧವಿಲ್ಲದ್ದರಿಂದ ಅವುಗಳ ಗುಣಲಬ್ಧಗಳು ಕೂಡಿದಷ್ಟೇ ಕಳೆಯುತ್ತವೆ, ಸರಾಸರಿಯಲ್ಲಿ ಸೊನ್ನೆಯಾಗುತ್ತವೆ. ಉಳಿಯುವುದು ಒಂದೊಂದು ಹೆಜ್ಜೆಯ ವರ್ಗ ಮಾತ್ರ. ಹೀಗಾಗಿ ದೂರದ ವರ್ಗದ ಸರಾಸರಿ ಹೆಜ್ಜೆಗಳ ಸಂಖ್ಯೆಗೇ ಸಮ. ನೂರು ಹೆಜ್ಜೆಗೆ ದೂರ ಹತ್ತು, ನಾನೂರಕ್ಕೆ ಇಪ್ಪತ್ತು, ಸಾವಿರದ ಆರುನೂರಕ್ಕೆ ನಲವತ್ತು. ಸರಪಳಿ ನಾಲ್ಕು ಪಟ್ಟು ಉದ್ದವಾದರೂ ಗೋಜಲಿನ ಅಗಲ ಎರಡೇ ಪಟ್ಟು.

ಪ್ರೋಗ್ರಾಮ್ ಬರೆಯುವುದು ಸುಲಭ. ಅಡ್ಡ, ಉದ್ದ ಎಂಬ ಎರಡು ಸಂಖ್ಯೆಗಳನ್ನು ಸೊನ್ನೆಗೆ ಇಡಿ. ಒಂದರಿಂದ ನಾಲ್ಕರವರೆಗೆ ಒಂದು ಸಂಖ್ಯೆ ಆರಿಸಲು ಹೇಳಿ. ಒಂದು ಬಂದರೆ ಅಡ್ಡಕ್ಕೆ ಒಂದು ಕೂಡಿಸಿ, ಎರಡು ಬಂದರೆ ಕಳೆಯಿರಿ, ಮೂರು ಬಂದರೆ ಉದ್ದಕ್ಕೆ ಕೂಡಿಸಿ, ನಾಲ್ಕಕ್ಕೆ ಕಳೆಯಿರಿ. ಇದನ್ನು ನೂರು ಸಲ ಮಾಡಿಸಿ, ಕೊನೆಯಲ್ಲಿ ಎರಡರ ವರ್ಗವನ್ನೂ ಕೂಡಿಸಿ ಬರೆದಿಟ್ಟುಕೊಳ್ಳಿ. ಒಂದು ಸರಪಳಿ ಮುಗಿಯಿತು. ಹತ್ತು ಸಾವಿರ ಸರಪಳಿ ಮಾಡಿಸಿ ಸರಾಸರಿ ತೆಗೆಯಿರಿ. ನೂರರ ಆಚೀಚೆ ಬರಬೇಕು. ಆ ಸಂಖ್ಯೆ ತೆರೆಯ ಮೇಲೆ ಮೂಡಿದಾಗ ಆಗುವ ಸಂತೋಷವನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಅನುಭವಿಸಬೇಕು. ಯಾರೋ ಪುಸ್ತಕದಲ್ಲಿ ಬರೆದದ್ದು ಸರಿ ಎಂಬುದಕ್ಕೆ ಆಗ ತಾನೇ ಸಾಕ್ಷಿ.

ಆದರೆ ಈ ಸರಪಳಿಯಲ್ಲಿ ದೊಡ್ಡದೊಂದು ಕೊರತೆ ಇದೆ. ಅದು ತನ್ನ ಮೇಲೆ ತಾನೇ ನಡೆಯುತ್ತದೆ, ಒಂದೇ ಚುಕ್ಕಿಯನ್ನು ಹತ್ತು ಸಲ ತುಳಿಯುತ್ತದೆ. ನಿಜವಾದ ಎರಡು ಗ್ಲೂಕೋಸುಗಳು ಒಂದೇ ಜಾಗದಲ್ಲಿ ಇರಲಾರವು. ಆದ್ದರಿಂದ ನಿಯಮ ಬಿಗಿಮಾಡಬೇಕು: ಒಮ್ಮೆ ತುಳಿದ ಚುಕ್ಕಿಯನ್ನು ಮತ್ತೆ ತುಳಿಯಕೂಡದು. ಕೇಳಲು ಒಂದೇ ವಾಕ್ಯ. ಇದೊಂದರಿಂದಲೇ ಲೆಕ್ಕ ಸಲೀಸಾದದ್ದರಿಂದ ದುಸ್ತರವಾದದ್ದಕ್ಕೆ ಜಾರುತ್ತದೆ. ಕೊನೆಯ ಕೊಂಡಿ ಎಲ್ಲಿ ಕೂರಬಹುದು ಎಂಬುದು ಮೊದಲನೆಯದರಿಂದ ಹಿಡಿದು ಎಲ್ಲ ಕೊಂಡಿಗಳನ್ನೂ ಅವಲಂಬಿಸುತ್ತದೆ. ಹಿಂದಿನದನ್ನು ಮರೆಯುವ ಸೌಕರ್ಯ ಇನ್ನಿಲ್ಲ.

ಪುಟ್ಟ ಸರಪಳಿಗಳನ್ನು ಕೈಯಲ್ಲೇ ಎಣಿಸಿ ನೋಡೋಣ. ಒಂದು ಹೆಜ್ಜೆಗೆ 4 ದಾರಿ. ಎರಡು ಹೆಜ್ಜೆಗೆ 12, ಏಕೆಂದರೆ ಬಂದ ದಾರಿಗೆ ಮರಳುವಂತಿಲ್ಲ. ಮೂರಕ್ಕೆ 36. ನಾಲ್ಕಕ್ಕೆ 108 ಇರಬೇಕಿತ್ತು. ಅವುಗಳಲ್ಲಿ 8 ದಾರಿಗಳು ಚೌಕ ಕಟ್ಟಿ ಹೊರಟ ಚುಕ್ಕಿಗೇ ಬರುತ್ತವೆ, ಅವನ್ನು ಹೊಡೆದುಹಾಕಿದರೆ 100. ಈ ನೂರು ಆಕಾರಗಳ ದೂರದ ವರ್ಗದ ಸರಾಸರಿ 7.04. ಹೇಗೆಂದರೆ ಹಾಗೆ ತಿರುಗುವ ನಡಿಗೆಯಲ್ಲಿ ಇದು 4 ಆಗಿತ್ತು. ನಾಲ್ಕೇ ಹೆಜ್ಜೆಯಲ್ಲಿ ಸರಪಳಿ ಇಷ್ಟು ಹಿಗ್ಗಿತು. ಹತ್ತು ಹೆಜ್ಜೆಗೆ ಆಕಾರಗಳು 44,100, ಇಪ್ಪತ್ತಕ್ಕೆ 89,76,97,164. ಇವನ್ನು ಹೇಳುವ ಸೂತ್ರ ಯಾರ ಬಳಿಯೂ ಇಲ್ಲ, ಒಂದೊಂದಾಗಿ ಎಣಿಸಿಯೇ ತಿಳಿಯಬೇಕು.

ಎಲ್ಲವನ್ನೂ ಎಣಿಸಲಾಗದಾಗ ಮಾದರಿ ತೆಗೆಯುವುದು ದಾರಿ. ಅನ್ನದ ಅಗುಳು ನೋಡುವ ಹಾಗೆ ಒಂದೆರಡು ಸಾಲದು, ಸಾವಿರಾರು ಬೇಕು, ಮತ್ತು ಪಕ್ಷಪಾತವಿಲ್ಲದೆ ಆರಿಸಿರಬೇಕು. ಕುರುಡಾಗಿ ಚೀಟಿ ಎತ್ತುತ್ತ ಹೋಗಿ, ತುಳಿದ ಚುಕ್ಕಿ ಮತ್ತೆ ತುಳಿದ ಸರಪಳಿಯನ್ನು ಬಿಸಾಡಿದರೆ, ಇಪ್ಪತ್ತು ಹೆಜ್ಜೆ ಮುಗಿಸುವುದು 1,200ಕ್ಕೆ ಒಂದರಂತೆ ಮಾತ್ರ. ತಕ್ಷಣ ಹಿಂದಕ್ಕೆ ಹೊರಳಬಾರದು ಎಂಬ ಒಂದು ಷರತ್ತು ಸೇರಿಸಿ, ಐದಕ್ಕೆ ಒಂದು ಉಳಿಯುತ್ತದೆ. ಆದರೂ ನೂರಿನ್ನೂರು ಕೊಂಡಿಗೆ ಹೋದರೆ ಈ ವಿಧಾನ ಕೈಕೊಡುತ್ತದೆ.

ಇಲ್ಲಿ ಹೊಸಬರಿಗೆ ಒಂದು ಆಸೆ ಹುಟ್ಟುತ್ತದೆ: ಖಾಲಿ ಇರುವ ಚುಕ್ಕಿಗಳನ್ನು ಮಾತ್ರ ನೋಡಿ, ಅವುಗಳಲ್ಲೇ ಒಂದನ್ನು ಆರಿಸಿದರೆ ಆಯಿತಲ್ಲ? ಸರಪಳಿಗಳು ಉಳಿಯುತ್ತವೆ, ನಿಜ. ಉತ್ತರ ತಪ್ಪುತ್ತದೆ. ಬಲಕ್ಕೆ, ಮೇಲಕ್ಕೆ, ಎಡಕ್ಕೆ ಹೋದ ಸರಪಳಿಗೆ ನಾಲ್ಕನೇ ಹೆಜ್ಜೆಗೆ ಖಾಲಿ ಇರುವುದು ಎರಡೇ ಚುಕ್ಕಿ, ಉಳಿದವಕ್ಕೆ ಮೂರು. ಹೀಗೆ ಮುದುಡಿದ ಆಕಾರಗಳು ನೂರರಲ್ಲಿ 16 ಇರಬೇಕಾದದ್ದು, ಈ ವಿಧಾನದಲ್ಲಿ 22ರಷ್ಟು ಸಲ ಬರುತ್ತವೆ. ಇಕ್ಕಟ್ಟಿನಲ್ಲಿರುವವಕ್ಕೆ ಅನ್ಯಾಯವಾಗಿ ಹೆಚ್ಚು ಮತ ಸಿಕ್ಕಂತೆ. ಮಾರ್ಷಲ್ ರೋಸೆನ್‌ಬ್ಲುತ್ ಮತ್ತು ಅರಿಯಾನಾ ರೋಸೆನ್‌ಬ್ಲುತ್ 1955ರಲ್ಲಿ ಇದಕ್ಕೆ ಪರಿಹಾರ ಕೊಟ್ಟರು: ಪ್ರತಿ ಹೆಜ್ಜೆಯಲ್ಲಿ ಎಷ್ಟು ಆಯ್ಕೆ ಇತ್ತೋ ಆ ಸಂಖ್ಯೆಗಳನ್ನೆಲ್ಲ ಗುಣಿಸಿ, ಆ ಗುಣಲಬ್ಧವನ್ನು ಸರಪಳಿಯ ತೂಕವೆಂದು ಹಿಡಿದು ಸರಾಸರಿ ತೆಗೆಯಿರಿ. ಪಕ್ಷಪಾತ ಸರಿಹೋಗುತ್ತದೆ. 1953ರ ಪ್ರಸಿದ್ಧ ಮೆಟ್ರೊಪೊಲಿಸ್ ವಿಧಾನವನ್ನು ಮೇನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಮ್ ಆಗಿ ಬರೆದವರೂ ಇದೇ ಅರಿಯಾನಾ. ಇಂದು ಭೌತಶಾಸ್ತ್ರದಿಂದ ಹಣಕಾಸಿನವರೆಗೆ ಬಳಕೆಯಾಗುವ ಆ ವಿಧಾನಕ್ಕೆ ಅವರ ಹೆಸರು ಅಂಟಿಕೊಳ್ಳಲಿಲ್ಲ. ಅಂಟಬೇಕಿತ್ತು.

ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇನ್ನೊಂದು ವಿಧಾನ. 1969ರಲ್ಲಿ ಮೋತಿ ಲಾಲ್ ಅದನ್ನು ಮುಂದಿಟ್ಟರು, 1988ರಲ್ಲಿ ನೀಲ್ ಮದ್ರಾಸ್ ಮತ್ತು ಅಲನ್ ಸೋಕಲ್ ಅದರ ನಿಜವಾದ ಶಕ್ತಿಯನ್ನು ತೋರಿಸಿದರು. ಸರಪಳಿಯನ್ನು ಬೆಳೆಸುವುದೇ ಬೇಡ. ನೆಟ್ಟಗೆ ಮಲಗಿಸಿದ ಇಡೀ ಸರಪಳಿಯಿಂದ ಆರಂಭಿಸಿ. ಯಾವುದಾದರೂ ಒಂದು ಕೀಲನ್ನು ಚೀಟಿ ಎತ್ತಿ ಆರಿಸಿ. ಆ ಕೀಲಿನಿಂದಾಚೆಯ ಭಾಗವನ್ನೆಲ್ಲ ಒಟ್ಟಾಗಿ 90, 180 ಅಥವಾ 270 ಡಿಗ್ರಿ ತಿರುಗಿಸಿ. ಎಲ್ಲಾದರೂ ಒಂದರ ಮೇಲೊಂದು ಬಿದ್ದರೆ ತಿರುಗಿಸಿದ್ದನ್ನು ಬಿಟ್ಟು ಹಳೆಯ ಆಕಾರವನ್ನೇ ಮತ್ತೊಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೀಳದಿದ್ದರೆ ಹೊಸ ಆಕಾರವನ್ನು ಒಪ್ಪಿ. ಆರಂಭದ ನೆಟ್ಟನೆಯ ಗುರುತು ಅಳಿಯುವವರೆಗಿನ ಆಕಾರಗಳನ್ನು ಬಿಟ್ಟುಬಿಡಿ. ಬಹಳಷ್ಟು ತಿರುವುಗಳು ತಿರಸ್ಕೃತವಾಗುತ್ತವೆ, ಆದರೆ ಒಪ್ಪಿದ ಒಂದೇ ತಿರುವು ಇಡೀ ಸರಪಳಿಯನ್ನು ಗುರುತೇ ಸಿಗದಂತೆ ಬದಲಾಯಿಸುತ್ತದೆ. ಇದರಲ್ಲಿನ ಸೊಗಸು ನನಗೆ ಇಂದಿಗೂ ಹಳತಾಗಿಲ್ಲ.

ಉತ್ತರ ಏನು ಬರುತ್ತದೆ? ಸರಪಳಿಯನ್ನು ಎರಡು ಪಟ್ಟು ಮಾಡಿದರೆ ಕುರುಡು ನಡಿಗೆಯ ಗೋಜಲು 1.41 ಪಟ್ಟು ಅಗಲವಾಗುತ್ತಿತ್ತು. ತನ್ನನ್ನು ತಾನು ತುಳಿಯದ ಸರಪಳಿ ಸಮತಲದಲ್ಲಿ 1.68 ಪಟ್ಟು ಅಗಲವಾಗುತ್ತದೆ. ಅಂದರೆ ದೂರ ಬೆಳೆಯುವುದು ಉದ್ದದ 0.75ನೇ ಘಾತದಲ್ಲಿ. ಚುಕ್ಕಿಗಳನ್ನು ಮೇಲೆ ಕೆಳಗೂ ಜೋಡಿಸಿ ಮೂರು ಆಯಾಮ ಮಾಡಿದರೆ ಘಾತ 0.588ರ ಹತ್ತಿರ ಬರುತ್ತದೆ. ಪಾಲ್ ಫ್ಲೋರಿ 1949ರಲ್ಲೇ ಈ ಹಿಗ್ಗುವಿಕೆಯನ್ನು ಕಾಗದದ ಮೇಲೆ ಊಹಿಸಿದ್ದರು. ಕೊಂಡಿಗಳು ಒಂದಕ್ಕೊಂದು ಡಿಕ್ಕಿಯಾಗದಿರಲು ಸರಪಳಿ ಹಿಗ್ಗಬೇಕು. ಹಿಗ್ಗಿದಷ್ಟೂ ಅದಕ್ಕೆ ಸಿಗುವ ಆಕಾರಗಳ ಸಂಖ್ಯೆ ಕಡಿಮೆಯಾಗುವುದು ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಎರಡೂ ಸಮವಾಗುವಲ್ಲಿ ಘಾತ ಸಮತಲಕ್ಕೆ ಮುಕ್ಕಾಲು, ಮೂರು ಆಯಾಮಕ್ಕೆ ಐದರಲ್ಲಿ ಮೂರು. ಮುಕ್ಕಾಲು ಸರಿ ಎಂದು 1982ರಲ್ಲಿ ಬರ್ನಾರ್ಡ್ ನಿನ್‌ಹುಯಿಸ್ ಭೌತಶಾಸ್ತ್ರದ ತರ್ಕದಿಂದ ತೋರಿಸಿದರು. ಗಣಿತಜ್ಞರು ಒಪ್ಪುವಂಥ ಸಾಧನೆ ಇನ್ನೂ ಆಗಿಲ್ಲ. ಮೂರು ಆಯಾಮದ್ದು 0.6 ಅಲ್ಲ, 0.5876 ಎಂದು ಇಷ್ಟು ನಿಖರವಾಗಿ ತಿಳಿದದ್ದು ಕಂಪ್ಯೂಟರಿನಿಂದ. 2010ರಲ್ಲಿ ನೇಥನ್ ಕ್ಲಿಸ್ಬಿ 3.3 ಕೋಟಿ ಹೆಜ್ಜೆಗಳವರೆಗಿನ ಸರಪಳಿಗಳನ್ನು ತಿರುಗಿಸಿ ಆರು ದಶಮಾಂಶ ಸ್ಥಾನಗಳವರೆಗೆ ಈ ಸಂಖ್ಯೆ ಕೊಟ್ಟರು. ವಿಧಾನ ಅದೇ, ಒಂದು ಕೀಲು ಹಿಡಿದು ಉಳಿದದ್ದನ್ನು ತಿರುಗಿಸುವುದು.

ಈ 0.588 ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಕಬ್ಬಿನ ರಸಕ್ಕೆ ಮರಳೋಣ. ಸರಪಳಿ ಎರಡು ಪಟ್ಟು ಉದ್ದವಾದರೆ ಗೋಜಲಿನ ಅಗಲ 1.5 ಪಟ್ಟು, ಅದು ಆಕ್ರಮಿಸುವ ಜಾಗ 3.4 ಪಟ್ಟು. ತೂಕ ಹೆಚ್ಚಿದ್ದು ಎರಡೇ ಪಟ್ಟು. ಒಂದೇ ತೂಕದ ಡೆಕ್ಸ್‌ಟ್ರಾನ್, ಸರಪಳಿ ಉದ್ದವಾದಷ್ಟೂ ಹೆಚ್ಚು ಜಾಗ ಕಬಳಿಸುತ್ತದೆ. ಗೋಜಲಿನ ಒಳಗೆ ಇರುವುದು ಬಹುಪಾಲು ನೀರು, ಆದರೆ ಆ ನೀರು ಸಲೀಸಾಗಿ ಹರಿಯಲಾರದು. ರಸದಲ್ಲಿ ಅಷ್ಟು ಕಡಿಮೆ ಇದ್ದರೂ ಅಷ್ಟು ಲೋಳೆ ಏಕೆ ಎಂಬುದಕ್ಕೆ ಉತ್ತರ ಇದು. ಡೆಕ್ಸ್‌ಟ್ರಾನಿಗೆ ಅಲ್ಲಲ್ಲಿ ಕವಲುಗಳೂ ಇರುವುದರಿಂದ ನಿಜವಾದ ಘಾತ ಇದಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ದಿಕ್ಕು ಮಾತ್ರ ಅದೇ.

ಪರಿಹಾರವೂ ಇದೇ ಲೆಕ್ಕದಿಂದ ಹೊಳೆಯುತ್ತದೆ. ಸರಪಳಿಯನ್ನು ತೆಗೆದುಹಾಕಲು ಆಗದಿದ್ದರೆ ಕತ್ತರಿಸಿದರೆ ಸಾಕು. ಡೆಕ್ಸ್‌ಟ್ರಾನೇಸ್ ಎಂಬ ಕಿಣ್ವವನ್ನು ರಸಕ್ಕೆ ಹಾಕಿದರೆ ಒಂದು ಗ್ರಾಂ ಕೂಡ ಕಡಿಮೆಯಾಗದೆ ಲೋಳೆ ಇಳಿಯುತ್ತದೆ, ಏಕೆಂದರೆ ತುಂಡುಗಳು ತಮ್ಮ ತೂಕಕ್ಕೆ ತಕ್ಕಂತೆ ಕಡಿಮೆ ಜಾಗ ಸಾಕೆನ್ನುತ್ತವೆ. ಕಬ್ಬು ಕಡಿದ ಮೇಲೆ ಬೇಗ ನುರಿಸುವುದಕ್ಕೆ ಸಮನಾದ ಔಷಧ ಮಾತ್ರ ಇಲ್ಲ.

ಸ್ವೀಡನ್ನಿನ ಉಪ್ಸಾಲಾದಲ್ಲಿ 1940ರ ದಶಕದಲ್ಲಿ ಬ್ಯೋರ್ನ್ ಇಂಗೆಲ್‌ಮನ್ ಸಕ್ಕರೆ ಗಡ್ಡೆಯ ರಸದಲ್ಲಿನ ಇದೇ ಕಾಟವನ್ನು ಅಭ್ಯಾಸ ಮಾಡುತ್ತಿದ್ದರು. ಅವರು ಮತ್ತು ಆಂಡರ್ಸ್ ಗ್ರೋನ್‌ವಾಲ್ ಸೇರಿ, ಕತ್ತರಿಸಿದ ಡೆಕ್ಸ್‌ಟ್ರಾನನ್ನು ರಕ್ತ ಕಳೆದುಕೊಂಡವರಿಗೆ ರಕ್ತದ್ರವದ ಬದಲಿಗೆ ಕೊಡಬಹುದೆಂದು ಕಂಡರು. ‘ಡೆಕ್ಸ್‌ಟ್ರಾನ್ 70’ ಎಂದರೆ ಸರಾಸರಿ ಅಣುತೂಕ 70,000, ಸುಮಾರು 430 ಗ್ಲೂಕೋಸ್. ಚಾಚಿ ಹಿಡಿದರೆ 200 ನ್ಯಾನೋಮೀಟರ್ ಆಗಬಹುದಾದ ಈ ಸರಪಳಿ ರಕ್ತದಲ್ಲಿ ಕೇವಲ 6 ನ್ಯಾನೋಮೀಟರ್ ತ್ರಿಜ್ಯದ ಉಂಡೆಯಾಗಿ ತೇಲುತ್ತದೆ. ಮೂತ್ರಪಿಂಡದ ಜರಡಿಯಿಂದ ಬೇಗ ಜಾರಿಹೋಗದಷ್ಟು ದೊಡ್ಡದು, ರಕ್ತ ಗಟ್ಟಿಯಾಗದಷ್ಟು ಚಿಕ್ಕದು. ಕಾರ್ಖಾನೆಯಲ್ಲಿ ಶತ್ರುವಾಗಿದ್ದ ಅದೇ ಹಿಗ್ಗುವಿಕೆ ಆಸ್ಪತ್ರೆಯಲ್ಲಿ ಜೀವ ಉಳಿಸಿತು.

ಇನ್ನು ಹತ್ತಿ. ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಿ. ಪ್ರತಿ ಹೆಜ್ಜೆಯಲ್ಲೂ ಹತ್ತಕ್ಕೆ ಒಂಬತ್ತು ಸಲ ನೇರ ಹೋಗಲಿ. ಉಳಿದ ಒಂದು ಸಲ ಎಡಕ್ಕೋ ಬಲಕ್ಕೋ ತಿರುಗಲಿ. ತುಳಿಯಬಾರದೆಂಬ ನಿಯಮವನ್ನು ಸದ್ಯಕ್ಕೆ ಬದಿಗಿಡೋಣ. ಹತ್ತು ಸಾವಿರ ಕೊಂಡಿಗೆ ಕುರುಡು ನಡಿಗೆಯ ಗೋಜಲು 100 ಹೆಜ್ಜೆ ದೂರ ಚಾಚುತ್ತಿತ್ತು. ಈಗ 436 ಬರುತ್ತದೆ. ಕೀಲು ಬಿಗಿಯಾದದ್ದು ಇಷ್ಟೇ, ಸರಪಳಿ ನಾಲ್ಕು ಪಟ್ಟಿಗೂ ಹೆಚ್ಚು ಹರಡಿತು. ನೂರಕ್ಕೆ ತೊಂಬತ್ತೊಂಬತ್ತು ಸಲ ನೇರ ಹೋಗುವಂತೆ ಮಾಡಿ ನೋಡಿ. ಸರಪಳಿಯ ಚಿಕ್ಕ ತುಣುಕುಗಳು ಬಾಗುವುದನ್ನೇ ಮರೆಯುತ್ತವೆ.

ನೇರ ನಿಂತ ಸರಪಳಿಗಳು ಅಕ್ಕಪಕ್ಕ ಒತ್ತಿ ಕೂರಬಲ್ಲವು. ಸೆಲ್ಯುಲೋಸಿನಲ್ಲಿ ಆಗುವುದು ಇದೇ. ಒಂದು ಸರಪಳಿ ಪಕ್ಕದ್ದನ್ನು ಹೈಡ್ರೋಜನ್ ಬಂಧಗಳಿಂದ ಉದ್ದಕ್ಕೂ ಹಿಡಿದುಕೊಳ್ಳುತ್ತದೆ. ಒಂದೊಂದು ಹಿಡಿತವೂ ದುರ್ಬಲ, ಆದರೆ ಹತ್ತು ಸಾವಿರ ಕೊಂಡಿಗಳುದ್ದಕ್ಕೂ ಎಣಿಸಿದರೆ ನೀರಿಗೆ ಒಳಗೆ ನುಗ್ಗಲು ಸಂದಿಯೇ ಉಳಿಯುವುದಿಲ್ಲ. ಸೀರೆ ಕರಗದಿರುವುದು ಹೀಗೆ. ಉದ್ದಕ್ಕೂ ಬೆಲೆ ಇದೆ ಎಂಬುದಕ್ಕೆ ಕೃತಕ ರೇಷ್ಮೆಯನ್ನು ನೋಡಿ. ಅದೂ ಸೆಲ್ಯುಲೋಸೇ, ಹರಿಹರದ ಬಳಿಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಆಗುವಂತೆ, ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಮತ್ತೆ ಎಳೆಯಾಗಿಸಿದ್ದು. ಈ ಪಾಡಿನಲ್ಲಿ ಸರಪಳಿ ಹರಿದು ಕೆಲವು ನೂರು ಕೊಂಡಿಗಳಿಗೆ ಇಳಿಯುತ್ತದೆ, ಜೋಡಣೆಯೂ ಸಡಿಲವಾಗುತ್ತದೆ. ಹತ್ತಿ ಎಳೆ ಒದ್ದೆಯಾದಾಗ ಇನ್ನಷ್ಟು ಗಟ್ಟಿ, ಕೃತಕ ರೇಷ್ಮೆ ಒದ್ದೆಯಾದಾಗ ಮೆತ್ತಗೆ. ಕಣ್ಣಿಗೆ ಎರಡೂ ಒಂದೇ ತರಹ ಕಂಡರೂ ನೇಕಾರರ ಬೆರಳಿಗೆ ಈ ಭೇದ ಗೊತ್ತು.

ಗಂಜಿಯ ಕಥೆ ನಡುವಿನದು. ಪಿಷ್ಟದ ಕಾಳಿನೊಳಗೆ ಸರಪಳಿಗಳು ಮಡಚಿ ಕೂತಿರುತ್ತವೆ. ಬಿಸಿನೀರು ಬಿದ್ದಾಗ ಕಾಳು ಉಬ್ಬಿ ಸರಪಳಿಗಳು ಹೊರಚಾಚಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವುದೂ ಇದಕ್ಕೇ: ಗೋಧಿಯಲ್ಲಿರುವ ಜಿಗುಟು ಪ್ರೋಟೀನು ಜೋಳದಲ್ಲಿ ಇಲ್ಲ, ರೊಟ್ಟಿ ಹರಿಯದಂತೆ ಹಿಡಿಯುವ ಕೆಲಸವನ್ನು ಬಿಡಿಸಿಕೊಂಡ ಪಿಷ್ಟವೇ ಮಾಡಬೇಕು. ನೇಯ್ದಾದ ಮೇಲೆ ಬಟ್ಟೆಯಿಂದ ಗಂಜಿ ತೆಗೆಯಲು ಅಮೈಲೇಸ್ ಕಿಣ್ವ ಬಳಸುತ್ತಾರೆ. ನಮ್ಮ ಎಂಜಲಿನಲ್ಲೂ ಇರುವ ಕಿಣ್ವ ಅದು. ಆಲ್ಫಾ ಕೀಲನ್ನು ಕತ್ತರಿಸುತ್ತದೆ, ಬೀಟಾ ಕೀಲನ್ನು ಮುಟ್ಟುವುದಿಲ್ಲ. ಗಂಜಿ ಹೋಗುತ್ತದೆ, ನೂಲು ಉಳಿಯುತ್ತದೆ.

ಚುಕ್ಕಿಗಳ ಮೇಲಿನ ಸರಪಳಿಗೆ ಆಲ್ಫಾ ಯಾವುದು ಬೀಟಾ ಯಾವುದು ಗೊತ್ತಿಲ್ಲ, ಇದು ಅದರ ಮಿತಿ. ಹತ್ತಕ್ಕೆ ಒಂಬತ್ತು ಎಂಬ ಸಂಖ್ಯೆಯನ್ನು ನಾವು ಕೈಯಿಂದ ಕೊಟ್ಟೆವು. ಪ್ರಕೃತಿ ಅದನ್ನು ಎಲ್ಲಿಂದ ತರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕೆಲಸದಲ್ಲಿ ಕರ್ನಾಟಕಕ್ಕೆ ಗೌರವದ ಪಾಲಿದೆ. ಸಿ.ವಿ. ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ 1963ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಂದಿಗೆ ಪ್ರೋಟೀನ್ ಸರಪಳಿಯ ಪ್ರಶ್ನೆ ಎತ್ತಿಕೊಂಡರು. ಅವರ ನಿಯಮವೂ ನಮ್ಮದೇ: ಎರಡು ಪರಮಾಣುಗಳು ಒಂದೇ ಜಾಗದಲ್ಲಿ ಕೂರಲಾರವು. ಕೀಲಿನ ಎರಡು ಕೋನಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಡಿಕ್ಕಿಯಾಗುವ ಕೋನಗಳನ್ನು ಹೊಡೆದುಹಾಕುತ್ತ ಹೋದರು. ಉಳಿದ ಚಿಕ್ಕ ಪ್ರದೇಶಗಳ ನಕ್ಷೆಯೇ ಇಂದು ಜಗತ್ತಿನ ಪ್ರತಿ ಜೀವರಸಾಯನ ಪಠ್ಯದಲ್ಲಿರುವ ರಾಮಚಂದ್ರನ್ ನಕ್ಷೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1971ರಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು.

ಅದೇ ಬಳಗದ ವಿ.ಎಸ್.ಆರ್. ರಾವ್ ಈ ವಿಚಾರವನ್ನು ಸಕ್ಕರೆಯ ಸರಪಳಿಗಳಿಗೆ ತಂದರು. 1970ರ ಆಸುಪಾಸಿನಲ್ಲಿ ಎನ್. ಯತೀಂದ್ರ ಅವರೊಂದಿಗೆ ಗ್ಲೂಕೋಸಿನ ಸರಪಳಿಗಳ ಕೀಲುಗಳನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ಯಾವ ಕೋನಕ್ಕೆ ಎಷ್ಟು ಶಕ್ತಿ ಬೇಕು, ಅದರಿಂದ ಇಡೀ ಸರಪಳಿ ಎಷ್ಟು ಹರಡುತ್ತದೆ ಎಂದು ಲೆಕ್ಕ ಹಾಕಿದರು. ಆಲ್ಫಾ ಬೀಟಾ ಎಂಬ ಒಂದು ಭಂಗಿಯ ವ್ಯತ್ಯಾಸ ಸರಪಳಿಯನ್ನು ಸುರುಳಿಗೂ ನೇರಕ್ಕೂ ಹೇಗೆ ಬೇರ್ಪಡಿಸುತ್ತದೆ ಎಂಬುದು ಇಂಥ ಲೆಕ್ಕಗಳಿಂದ ಸಂಖ್ಯೆಗಳಲ್ಲಿ ಕಂಡಿತು. ಅಂದಿನ ಕಂಪ್ಯೂಟರುಗಳು ಇಂದಿನ ಸಾಧಾರಣ ಮೊಬೈಲಿಗೆ ಸಮವಲ್ಲ. ರಾಮಚಂದ್ರನ್ ಹೆಸರು ಎಲ್ಲರಿಗೂ ಗೊತ್ತು. ನೂಲು ನೇಯುವ, ಕಬ್ಬು ಬೆಳೆಯುವ ನಾಡಿನವರು ರಾವ್ ಅವರ ಹೆಸರನ್ನೂ ತಿಳಿದಿರಬೇಕೆಂದು ನನಗೆ ಅನಿಸುತ್ತದೆ.

ಜಮಖಂಡಿ, ಮುಧೋಳ, ಬನಹಟ್ಟಿಯ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವವರಿಗೆ ನನ್ನ ಮಾತು ಇಷ್ಟು. ದುಬಾರಿ ಪ್ರಯೋಗಾಲಯ ಇಲ್ಲವೆಂದು ಕಾಯಬೇಡಿ. ಮೊದಲು ಕುರುಡು ನಡಿಗೆ ಬರೆಯಿರಿ, ನೂರು ಹೆಜ್ಜೆಗೆ ವರ್ಗದ ಸರಾಸರಿ ನೂರು ಬರುವವರೆಗೆ ಬಿಡಬೇಡಿ. ಆಮೇಲೆ ನಾಲ್ಕು ಹೆಜ್ಜೆಯ ನೂರು ಆಕಾರಗಳನ್ನು ಎಣಿಸಿ 7.04 ತಂದುಕೊಳ್ಳಿ. ಆಮೇಲೆ ಕೀಲು ತಿರುಗಿಸುವ ವಿಧಾನದಿಂದ ನೂರು ಮತ್ತು ಇನ್ನೂರು ಕೊಂಡಿಗಳ ಸರಪಳಿಗಳ ಗೋಜಲಿನ ಅಗಲವನ್ನು ಹೋಲಿಸಿ. ಸಮತಲದಲ್ಲಿ ಅನುಪಾತ 1.68ರ ಹತ್ತಿರ, ಮೂರು ಆಯಾಮದಲ್ಲಿ 1.5ರ ಹತ್ತಿರ ಬಂದರೆ ನಿಮ್ಮ ಪ್ರೋಗ್ರಾಮ್ ಸರಿಯಾಗಿದೆ. ಅನುಪಾತ 1.41 ಬಂದರೆ ನಿಮ್ಮ ಸರಪಳಿ ಇನ್ನೂ ತನ್ನನ್ನು ತಾನು ತುಳಿಯುತ್ತಿದೆ. ಒಂದರ ಮೇಲೊಂದು ಬಿದ್ದಿದೆಯೇ ಎಂದು ನೋಡುವ ಸಾಲನ್ನು ಮತ್ತೊಮ್ಮೆ ಪರೀಕ್ಷಿಸಿ.